‘ಆ ವಯಸ್ಸಲ್ಲಿ ಹಾಗೇ’ ಎಂದರೆ ಸಾಕೇ?

ನಲವತ್ತೇಳು, ನಲವತ್ತೆಂಟರ ಹೆಂಗಸು ಸುಮ್ಮಸುಮ್ಮನೆ ಅತ್ತರೆ, ಮಕ್ಕಳ ಮೇಲೆ ಹರಿಹಾಯ್ದರೆ, ಬೆಳಿಗ್ಗೆ ಎದ್ದು ಒಲೆ ಹಚ್ಚಲೂ ಮನಸ್ಸಿಲ್ಲದೆ ಕೂತರೆ ನಮ್ಮ ಮನೆಗಳಲ್ಲಿ ಉತ್ತರ ಸಿದ್ಧವಾಗಿರುತ್ತದೆ: “ಆ ವಯಸ್ಸಲ್ಲಿ ಹಾಗೇ.” ಗಂಡ ಹೇಳುತ್ತಾನೆ, ಅತ್ತೆ ಹೇಳುತ್ತಾರೆ, ಎಷ್ಟೋ ಸಲ ಡಾಕ್ಟರೂ ಹೇಳುತ್ತಾರೆ. ಮಾತೇನೂ ಸುಳ್ಳಲ್ಲ. ಆದರೆ ಅದನ್ನು ಆಡುವುದು ವಿಷಯವನ್ನು ಅಲ್ಲಿಗೇ ಮುಗಿಸಲಿಕ್ಕೆ. ಕಾರಣ ತಿಳಿದ ಮೇಲೆ ಉಪಚಾರ ಶುರುವಾಗಬೇಕು; ಮುಟ್ಟು ನಿಲ್ಲುವ ಕಾಲದ ಬೇಸರದಲ್ಲಿ ಮಾತ್ರ ಕಾರಣ ಗೊತ್ತಾದೊಡನೆ ಉಪಚಾರವೇ ಬೇಡವಾಗುತ್ತದೆ. ಸಕ್ಕರೆ ಕಾಯಿಲೆಗೂ ವಯಸ್ಸು ಒಂದು ಕಾರಣವೇ. ಹಾಗೆಂದು ಯಾರೂ ಮಾತ್ರೆ ಬಿಡಿಸುವುದಿಲ್ಲ.

ಹನ್ನೆರಡು ತಿಂಗಳು ಒಂದೇ ಸಮನೆ ಮುಟ್ಟಾಗದಿದ್ದರೆ ಋತುಬಂಧವಾಯಿತು ಎಂಬುದು ವೈದ್ಯರ ಲೆಕ್ಕ. ಪಾಶ್ಚಾತ್ಯ ದೇಶಗಳಲ್ಲಿ ಇದು ಸರಾಸರಿ 51ರ ಆಸುಪಾಸಿನಲ್ಲಿ ಆದರೆ ಭಾರತದಲ್ಲಿ 46-47ಕ್ಕೇ ಆಗುತ್ತದೆ. ಮನಸ್ಸಿಗೆ ಹೆಚ್ಚು ಕಾಟ ಕೊಡುವುದು ಅದಕ್ಕೂ ಮುಂಚಿನ ಕೆಲವು ವರ್ಷಗಳು. ಆಗ ಈಸ್ಟ್ರೋಜನ್ ಒಂದೇ ಹದದಲ್ಲಿ ಇಳಿಯದೆ, ಏರುತ್ತಾ ಇಳಿಯುತ್ತಾ ಹೋಗುತ್ತದೆ. ಮನಸ್ಸಿನ ಸ್ಥಿತಿಗೆ ಸಂಬಂಧಪಟ್ಟ ಸೆರೊಟೋನಿನ್‌ನಂಥ ಮಿದುಳಿನ ರಾಸಾಯನಿಕಗಳಿಗೂ ಈಸ್ಟ್ರೋಜನ್‌ಗೂ ನಂಟಿದೆ. ಅದರ ಮೇಲೆ ರಾತ್ರಿ ಮೈಯೆಲ್ಲ ಬಿಸಿಯೇರಿ, ಬೆವರಿ ಎಚ್ಚರವಾಗುವುದು ಬೇರೆ. ತಿಂಗಳುಗಟ್ಟಲೆ ನಿದ್ದೆ ಕೆಟ್ಟರೆ ಯಾರಿಗೆ ತಾನೇ ಸಿಡಿಮಿಡಿಯಾಗದು? ಅಮೆರಿಕದಲ್ಲಿ ಹೆಂಗಸರನ್ನು ವರ್ಷಾನುಗಟ್ಟಲೆ ಗಮನಿಸಿದ ಎರಡು ಅಧ್ಯಯನಗಳು 2006ರಲ್ಲಿ ಪ್ರಕಟವಾದವು. ಹಿಂದೆಂದೂ ಖಿನ್ನತೆ ಇಲ್ಲದಿದ್ದವರಲ್ಲೂ ಈ ಘಟ್ಟಕ್ಕೆ ಕಾಲಿಟ್ಟಾಗ ಅದರ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ಅವು ಕಂಡುಕೊಂಡವು. ಹಿಂದೊಮ್ಮೆ ಖಿನ್ನತೆ ಬಂದಿದ್ದವರಿಗಂತೂ ಅಪಾಯ ಇನ್ನೂ ಹೆಚ್ಚು. ಹಾಗಿದ್ದರೂ ಬಹುಪಾಲು ಹೆಂಗಸರು ಈ ಕಾಲವನ್ನು ಖಿನ್ನತೆಯಿಲ್ಲದೆಯೇ ದಾಟುತ್ತಾರೆ. ಎಂದ ಮೇಲೆ, ‘ಎಲ್ಲರಿಗೂ ಆಗುವುದೇ’ ಎನ್ನುವ ಸಮಾಧಾನಕ್ಕೆ ಬುಡವಿಲ್ಲ.

ಇನ್ನೊಂದು ಪಕ್ಷದವರಿದ್ದಾರೆ. ಹಾರ್ಮೋನಿನ ಮಾತೆಲ್ಲ ಔಷಧಿ ಕಂಪನಿಗಳದ್ದು, ನಮ್ಮ ಅಜ್ಜಿಯರಿಗೆ ಇದೆಲ್ಲ ಎಲ್ಲಿತ್ತು ಎನ್ನುತ್ತಾರೆ. ಅವರಿಗೆ ಒತ್ತಾಸೆಯಾಗಿ ಮಾರ್ಚಾ ಫ್ಲಿಂಟ್ ಎಂಬ ಮಾನವಶಾಸ್ತ್ರಜ್ಞೆ 1975ರಲ್ಲಿ ಬರೆದ ಲೇಖನ ಆಗಾಗ ಬರುತ್ತದೆ. ರಾಜಸ್ಥಾನ, ಹಿಮಾಚಲ ಪ್ರದೇಶಗಳ ರಜಪೂತ ಹೆಂಗಸರಲ್ಲಿ ಮುಟ್ಟು ನಿಂತದ್ದನ್ನು ಬಿಟ್ಟರೆ ಬೇರೆ ದೂರುಗಳು ಕಾಣಲಿಲ್ಲ ಎಂದಾಕೆ ಬರೆದಳು. ಮುಟ್ಟು ನಿಂತ ಮೇಲೆ ಪರದೆ ಸಡಿಲವಾಗಿ, ಗಂಡಸರ ನಡುವೆ ಕೂತು ಮಾತಾಡುವ ಸ್ವಾತಂತ್ರ್ಯ ಅವರಿಗೆ ಸಿಗುತ್ತಿತ್ತು. ಹೊರಗಿನಿಂದ ಬಂದವಳ ಮುಂದೆ ಅವರು ಎಷ್ಟು ಹೇಳಿಕೊಂಡಿದ್ದಾರು ಎಂಬ ಗುಮಾನಿ ನನಗಿದೆ. ಆದರೂ ಅದರಲ್ಲಿ ತಿರುಳಿದೆ. ನಮ್ಮ ಕಡೆಯೂ ಮುಟ್ಟು ನಿಂತ ಹೆಂಗಸಿಗೆ ಹಬ್ಬದ ದಿನ ಲೆಕ್ಕ ಹಾಕುವ, ಮಾತ್ರೆ ನುಂಗಿ ಮುಂದೂಡುವ ಕಾಟ ತಪ್ಪುತ್ತದೆ. ಮಡಿ ಅಡುಗೆಗೆ, ಪೂಜೆಗೆ ಅವಳೇ ಯಜಮಾನಿ. ಅಂಥ ಮನೆಯಲ್ಲಿ ಅವಳ ಸ್ಥಾನ ಒಂದು ಮೆಟ್ಟಿಲು ಏರುತ್ತಿತ್ತು.

ಇವತ್ತು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೆಲಸಕ್ಕೆ ಹೋಗುವವಳಿಗೆ ಆ ಮೆಟ್ಟಿಲು ಎಲ್ಲಿದೆ? ಮಗಳ ಸಿಇಟಿ, ಅತ್ತೆಯ ಮಂಡಿ ಆಪರೇಷನ್, ಬಡ್ತಿಯ ಜೊತೆಗೆ ಬಂದ ವರ್ಗಾವಣೆ, ಇವೆಲ್ಲ ಬರುವುದು ಇದೇ ವಯಸ್ಸಿಗೆ. ದೇಹ ಬದಲಾಗುವುದೂ ಆಗಲೇ. ಇದು ಹಾರ್ಮೋನೋ ಸಂಸಾರವೋ ಎಂದು ಕೇಳುವುದೇ ತಪ್ಪು. ಹಾಗೆ ಕೇಳುವವರಿಗೆ ಎರಡರಲ್ಲಿ ಯಾವುದಕ್ಕೂ ಕೈಹಾಕುವ ಇರಾದೆ ಇದ್ದಂತಿಲ್ಲ. ಹಾರ್ಮೋನು ಎಂದರೆ ಮನೆಯವರ ಜವಾಬ್ದಾರಿ ಕಳೆಯಿತು. ಸಂಸಾರ ಎಂದರೆ ಡಾಕ್ಟರ ಜವಾಬ್ದಾರಿ ಕಳೆಯಿತು.

ಕನ್ನಡದ ಓದುಗರಿಗೆ ಇದು ಹೊಸ ವಿಷಯವೂ ಅಲ್ಲ. ತ್ರಿವೇಣಿಯವರ ‘ಶರಪಂಜರ’ ಕಾದಂಬರಿಯ ಕಾವೇರಿಗೆ ಬಾಣಂತನದಲ್ಲಿ ಬಂದ ಮನಸ್ಸಿನ ಕಾಯಿಲೆ ಆಸ್ಪತ್ರೆಯಲ್ಲಿ ವಾಸಿಯಾಗಿತ್ತು, ಮನೆಗೆ ಬಂದವಳನ್ನು ಮತ್ತೆ ಆಸ್ಪತ್ರೆಗೆ ಕಳಿಸಿದ್ದು ಸುತ್ತಲಿನವರ ನಡತೆ. ಬಾಣಂತಿಯ ಬಗ್ಗೆ ನಮಗೆ ಅಷ್ಟಾದರೂ ಕರುಣೆ ಹುಟ್ಟಿತು. ಐವತ್ತರ ಹತ್ತಿರದವಳಿಗೆ ಸಿಕ್ಕಿದ್ದು ನಗೆಹನಿ, ಧಾರಾವಾಹಿಯ ಗಯ್ಯಾಳಿ ಅತ್ತೆಯ ಪಾತ್ರ.

ಇವೆರಡೂ ಬೇರೆ ಬೇರೆ ಕಥೆಯೂ ಅಲ್ಲ. ಬಾಣಂತನದಲ್ಲಿ ಮಂಕಾದವರಿಗೆ, ಪ್ರತಿ ಮುಟ್ಟಿನ ಮುಂಚೆ ಮನಸ್ಸು ಕುಸಿಯುತ್ತಿದ್ದವರಿಗೆ ಈ ಕಾಲದಲ್ಲಿ ಮತ್ತೆ ಹಾಗಾಗುವ ಸಾಧ್ಯತೆ ಹೆಚ್ಚು. ನಲವತ್ತೈದು ದಾಟಿದವಳು ಸುಸ್ತು, ಎದೆ ಡವಡವ, ತಲೆಭಾರ ಎಂದು ಕ್ಲಿನಿಕ್ಕಿಗೆ ಹೋದಾಗ “ಹೆರಿಗೆ ಆದಮೇಲೆ ಹೇಗಿದ್ರಿ?” ಎಂದು ಕೇಳುವವರು ಎಷ್ಟು ಮಂದಿ? ಬಿಪಿ ನೋಡಿ, ಕ್ಯಾಲ್ಸಿಯಂ ಮಾತ್ರೆ ಬರೆದುಕೊಟ್ಟರೆ ಆಯಿತು.

ಇನ್ನು ಗರ್ಭಕೋಶ ತೆಗೆಸಿಕೊಂಡವರು. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಎಷ್ಟೋ ಹೆಂಗಸರು ಚಿಕ್ಕ ವಯಸ್ಸಿಗೇ ಗರ್ಭಕೋಶ ತೆಗೆಸಿಕೊಂಡ ಸುದ್ದಿ 2019ರಲ್ಲಿ ದೇಶವನ್ನೇ ಬೆಚ್ಚಿಬೀಳಿಸಿತ್ತು. ನಮ್ಮ ಕಲಬುರಗಿ ಭಾಗದ ತಾಂಡಾಗಳಿಂದಲೂ ಅಂಥದೇ ದೂರು ಬಂದಿತ್ತು. ಅಂಡಾಶಯಗಳನ್ನೂ ಜೊತೆಗೇ ತೆಗೆದುಬಿಟ್ಟರೆ ವರ್ಷಗಳಲ್ಲಿ ಆಗಬೇಕಾದ ಇಳಿತ ಒಮ್ಮೆಗೇ ಆಗುತ್ತದೆ, ಅದೂ ಮೂವತ್ತು, ಮೂವತ್ತೈದರ ವಯಸ್ಸಿನಲ್ಲಿ. ‘ಆ ವಯಸ್ಸಲ್ಲಿ ಹಾಗೇ’ ಎಂಬ ಸಮಾಧಾನವೂ ಅವರಿಗಿಲ್ಲ. ಹೊಲಿಗೆ ಬಿಚ್ಚಿ ಕಳಿಸುವಾಗ ಮನಸ್ಸಿನ ಬಗ್ಗೆ ಒಂದು ಮಾತನ್ನೂ ಹೇಳದಿರುವುದು ವೈದ್ಯಕೀಯ ಲೋಪವೆಂದೇ ನನ್ನ ಅಭಿಪ್ರಾಯ.

ಉಪಚಾರವಂತೂ ಇದೆ. ಮೊದಲು ರಕ್ತಪರೀಕ್ಷೆ: ಥೈರಾಯ್ಡ್ ಕಡಿಮೆಯಾದರೆ, ರಕ್ತಹೀನತೆ ಇದ್ದರೆ, ಬಿ12 ಇಳಿದಿದ್ದರೆ ಇದೇ ಸುಸ್ತು, ಇದೇ ಬೇಸರ ಬರುತ್ತದೆ, ಗುಣವೂ ಆಗುತ್ತದೆ. ಹಾರ್ಮೋನ್ ಚಿಕಿತ್ಸೆ ಎಂದರೆ ಈಗಲೂ ಕ್ಯಾನ್ಸರ್ ಭಯ. 2002ರಲ್ಲಿ ಈ ಚಿಕಿತ್ಸೆಯ ಮೇಲೆ ಅಮೆರಿಕದಲ್ಲಿ ನಡೆಯುತ್ತಿದ್ದ ಒಂದು ದೊಡ್ಡ ಪ್ರಯೋಗ ಅರ್ಧಕ್ಕೇ ನಿಂತ ಸುದ್ದಿಯಿಂದ ಹುಟ್ಟಿದ ಭಯ ಅದು. ಆ ಪ್ರಯೋಗದಲ್ಲಿದ್ದವರ ಸರಾಸರಿ ವಯಸ್ಸು 63, ಅಂದರೆ ಮುಟ್ಟು ನಿಲ್ಲುವ ವಯಸ್ಸಿಗಿಂತ ಎಷ್ಟೋ ಹೆಚ್ಚು, ಎಂಬುದು ಸುದ್ದಿಯ ಜೊತೆ ಅಷ್ಟಾಗಿ ಹರಡಲಿಲ್ಲ. ಸ್ತನ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇರುವವರಿಗೆ ಸಾಮಾನ್ಯವಾಗಿ ಇದನ್ನು ಕೊಡುವುದಿಲ್ಲ. ಉಳಿದವರು ವೈದ್ಯರೊಡನೆ ಕೂತು ಲೆಕ್ಕ ಹಾಕಬಹುದು. ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಋತುಬಂಧದಿಂದ ಬರುವ ಬೇಸರಕ್ಕೆ ಹಾರ್ಮೋನ್ ಚಿಕಿತ್ಸೆಯನ್ನೂ, ಯೋಚನೆಯ ರೀತಿ ಬದಲಿಸುವ ಮಾತಿನ ಚಿಕಿತ್ಸೆಯನ್ನೂ ಪರಿಗಣಿಸಲು ಹೇಳಿತು. ಖಿನ್ನತೆಯೆಂದು ಖಚಿತವಾಗದವರಿಗೆ ಖಿನ್ನತೆಯ ಮಾತ್ರೆ ಉಪಯೋಗವೆಂಬುದಕ್ಕೆ ಸ್ಪಷ್ಟ ಆಧಾರವಿಲ್ಲವೆಂದೂ ಹೇಳಿತು. ಖಚಿತವಾದರೆ ಮಾತ್ರೆ ಬೇಕು, ಅದಕ್ಕೆ ನಾಚಿಕೆ ಬೇಡ. ನಡಿಗೆ, ನಿದ್ದೆಯ ಶಿಸ್ತು ಒಳ್ಳೆಯದೇ. ಆದರೆ ಐದಕ್ಕೆ ಎದ್ದು ಮೂವರಿಗೆ ಬುತ್ತಿ ಕಟ್ಟುವವಳಿಗೆ “ಬೆಳಿಗ್ಗೆ ಯೋಗ ಮಾಡಿ” ಎನ್ನುವವರು ಆ ಬುತ್ತಿಯನ್ನು ಇನ್ನು ಯಾರು ಕಟ್ಟಬೇಕೆಂಬುದನ್ನೂ ಹೇಳಬೇಕು.

ಆದ್ದರಿಂದ ಮನೆಯವರಲ್ಲಿ ಒಂದು ಕೇಳಿಕೆ. ಅಮ್ಮನೋ ಅಕ್ಕನೋ ಹೆಂಡತಿಯೋ ಎರಡು ವಾರಕ್ಕೂ ಮೀರಿ ಮಂಕಾಗಿದ್ದರೆ, ಊಟ, ನಿದ್ದೆ, ಮಾತು ಬಿಟ್ಟಿದ್ದರೆ ‘ಹೋಗಿ ತೋರಿಸ್ಕೊ’ ಎನ್ನಬೇಡಿ, ರಜೆ ಹಾಕಿ ಜೊತೆಗೆ ಹೋಗಿ. ಬದುಕೇ ಬೇಡ ಎಂಬ ಮಾತು ಬಂದರೆ ಅವತ್ತೇ ಹೋಗಿ, ಅವರನ್ನು ಒಬ್ಬರನ್ನೇ ಬಿಡಬೇಡಿ. ಕೇಂದ್ರ ಸರ್ಕಾರ 2022ರಲ್ಲಿ ಶುರುಮಾಡಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.