ಮುರಿದ ತೋಳಿನ ಹೊಣೆ ಯಾರದು?

ನಾರಾಯಣಪುರದ ಬಳಿ ಕೃಷ್ಣೆಗೆ ಕಟ್ಟಿದ ಬಸವಸಾಗರದ ನೀರು ಕಾಲುವೆಗಳಲ್ಲಿ ಹರಿಯತೊಡಗಿ ನಾಲ್ವತ್ತು ವರ್ಷಗಳು ಮೀರಿದವು. ಸುರಪುರ, ಶಹಾಪುರ ಸೀಮೆಯ ಎಷ್ಟೋ ಒಣಹೊಲಗಳು ಆ ನೀರಿನಿಂದ ಬತ್ತದ ಗದ್ದೆಗಳಾದವು. ಎಷ್ಟೋ ಮನೆಗಳ ಮಕ್ಕಳು ಕಾಲೇಜಿನ ಮೆಟ್ಟಲೇರಿದರು. ಸೈನ್ಯದಲ್ಲಿ ಅಧಿಕಾರಿಯಾಗಬೇಕೆಂಬ ಹಂಬಲವುಳ್ಳ ತರುಣರೂ ಅವರಲ್ಲಿ ಇದ್ದಾರೆ. 1858ರಲ್ಲಿ ಆಂಗ್ಲರಿಗೆ ಇದಿರಾಗಿ ನಿಂತ ರಾಜಾ ವೆಂಕಟಪ್ಪ ನಾಯಕರ ನೆಲದಲ್ಲಿ ಇಂಥ ಹಂಬಲ ಹುಟ್ಟುವದರಲ್ಲಿ ಆಶ್ಚರ್ಯವೇನೂ ಇಲ್ಲ. ನಾವು ಅದನ್ನು ಮನಸಾರೆ ಮೆಚ್ಚುತ್ತೇವೆ. ಮೆಚ್ಚುವದರಿಂದಲೇ, ಅಂಥ ಹುಡುಗನ ತಂದೆ ಸಹಿ ಮಾಡಬೇಕಾದ ಒಂದು ಕಾಗದದ ಕಡೆಗೆ ವಾಚಕರ ಲಕ್ಷ್ಯವನ್ನು ಸೆಳೆಯಬೇಕಾಗಿದೆ.

ಪುಣೆಯ ಹತ್ತಿರದ ಖಡಕವಾಸಲಾದಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಿದೆ. ಅದು ನಮಗೆ ತೀರ ಪರಸ್ಥಳವೇನಲ್ಲ. ಅಲ್ಲಿಯ ಜಲಾಶಯದ ನೀರೇ ಮುಠಾ ನದಿಯಿಂದ ಭೀಮೆಯನ್ನು ಕೂಡಿ ಯಾದಗಿರಿಯ ಮಗ್ಗುಲಲ್ಲಿ ಹರಿಯುತ್ತದೆ. ಅಲ್ಲಿಗೆ ಸೇರುವ ಹುಡುಗನ ತಂದೆ ಅಥವಾ ಪೋಷಕ ಒಂದು ಪ್ರಮಾಣಪತ್ರವನ್ನು ಬರೆದುಕೊಡಬೇಕು. ತರಬೇತಿಯಿಂದ ಮಗನಿಗೆ ಗಾಯವಾದರೆ, ಆ ಗಾಯಕ್ಕೆ ಮಾಡಿದ ಶಸ್ತ್ರಕ್ರಿಯೆಯಿಂದ ಊನವೋ ಮರಣವೋ ಸಂಭವಿಸಿದರೆ, ಸರಕಾರದಿಂದ ಪರಿಹಾರ ಬೇಡುವ ಹಕ್ಕು ತನಗಿಲ್ಲವೆಂದು ಒಪ್ಪಿಕೊಳ್ಳುವದೇ ಅದರ ಸಾರ. ಇನ್ನೊಂದು ಕರಾರೂ ಉಂಟು: ಮಗನು ತನ್ನ ಸ್ವಂತ ಕಾರಣದಿಂದ ಶಿಕ್ಷಣವನ್ನು ನಡುವೆಯೇ ಬಿಟ್ಟರೆ ಅವನಿಗಾಗಿ ಮಾಡಿದ ವೆಚ್ಚವನ್ನು ಮರಳಿ ತುಂಬಬೇಕು. ಹುಡುಗನು ಸರಕಾರವನ್ನು ಬಿಟ್ಟರೆ ಲೆಕ್ಕವುಂಟು. ಸರಕಾರವು ಹುಡುಗನನ್ನು ಬಿಟ್ಟರೆ ಲೆಕ್ಕವಿಲ್ಲ! ಬಡ್ಡಿಯ ಸಾಹುಕಾರನೂ ಇಷ್ಟು ಏಕಮುಖವಾದ ಕಾಗದವನ್ನು ಬರೆಯಿಸಿಕೊಳ್ಳಲು ಹಿಂಜರಿದಾನು.

ಗಾಯವೆಂದರೆ ಗುಂಡಿನ ಗಾಯವೇ ಆಗಬೇಕಾಗಿಲ್ಲ. ಮುಷ್ಟಿಯುದ್ಧ, ಕುದುರೆ ಸವಾರಿ, ಈಜು, ಗೋಡೆ ಹತ್ತಿ ಹಳ್ಳ ಹಾರುವ ಓಟ, ಇವೆಲ್ಲ ಅಲ್ಲಿಯ ನಿತ್ಯದ ಪಾಠಗಳು. ಕಾಲೇಜಿನಲ್ಲಿ ವೇಗದ ಚೆಂಡೆಸೆದು ಹೆಸರು ಪಡೆದ ಒಬ್ಬ ತರುಣನನ್ನೇ ನೆನೆಯಿರಿ. ಸಾದಾ ಕಾಲೇಜಿನಲ್ಲಿದ್ದಾಗ ಅವನ ಭುಜದ ಸ್ನಾಯು ಹರಿದರೆ ಒಂದು ವರ್ಷ ಆಟವನ್ನು ಬಿಟ್ಟಾನು, ಓದನ್ನು ಬಿಡಬೇಕಾಗಿಲ್ಲ. ತೋಳು ಗುಣವಾಗುವ ತನಕ ಕಾಯಲು ಅವನಿಗೆ ಎಡೆಯುಂಟು. ಅಕಾಡೆಮಿಯಲ್ಲಿ ಹಾಗಲ್ಲ. ಮೂರು ವರ್ಷಗಳ ಶಿಕ್ಷಣವು ಆರು ಅವಧಿಗಳಲ್ಲಿ ಹಂಚಿದೆ. ಗಾಯದಿಂದ ಕವಾಯತು ತಪ್ಪಿದವನನ್ನು ಒಂದು ಅವಧಿಯಷ್ಟು ಹಿಂದಕ್ಕೆ ತಳ್ಳಬಹುದು. ಆಗಲೂ ಅವನು ಸುಧಾರಿಸದಿದ್ದರೆ ವೈದ್ಯ ಮಂಡಳಿಯ ಮುಂದೆ ನಿಲ್ಲಿಸಿ ಮನೆಗೆ ಕಳಿಸುವದಷ್ಟೇ ಉಳಿಯುತ್ತದೆ.

ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಚೆಂಡೆಸೆಯುವವನಿಗೆ ಪಿಚರ್ ಎನ್ನುತ್ತಾರೆ. ಟಾಮಿ ಜಾನ್ ಎಂಬ ಪಿಚರನ ಮೊಣಕೈಯ ಹರಿದ ಕಟ್ಟನ್ನು 1974ರಲ್ಲಿ ಡಾಕ್ಟರ್ ಫ್ರಾಂಕ್ ಜೋಬ್ ಎಂಬವರು ಅವನದೇ ಇನ್ನೊಂದು ಕೈಯ ಸ್ನಾಯುರಜ್ಜುವಿನಿಂದ ಕಟ್ಟಿದರು. ಅವನು 1976ರಲ್ಲಿ ಮತ್ತೆ ಕಣಕ್ಕಿಳಿದು 1989ರ ವರೆಗೂ ಆಡಿದನು. ಆದರೆ ಇಂಥ ತೋಳು ಮರಳಿ ಪಳಗಬೇಕಾದರೆ ಸುಮಾರು ಒಂದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಬೇಕು. ಆ ದೇಶದ ವೆಸ್ಟ್ ಪಾಯಿಂಟ್ ಸೈನಿಕ ವಿದ್ಯಾಲಯದಲ್ಲಿ ಶಿಕ್ಷಣವು ನಾಲ್ಕು ವರ್ಷಗಳಲ್ಲಿ ಮುಗಿಯತಕ್ಕದ್ದು. ಇತರ ಕಾಲೇಜಿನವರಂತೆ ಆಟದ ವರ್ಷವನ್ನು ಮುಂದಕ್ಕೆ ಹಾಕಿಕೊಳ್ಳುವ ಸವಲತ್ತು ಅಲ್ಲಿಯ ಪಿಚರನಿಗೆ ಸಾಮಾನ್ಯವಾಗಿ ದೊರೆಯುವದಿಲ್ಲ. ಅಂದರೆ ಸೈನಿಕ ಶಿಸ್ತು ಅಲ್ಲಿಯೂ ಕಠಿನವೇ. ಆದರೆ ಆಟ ಹೋದರೂ ಬಾಳು ಹೋಗಬಾರದೆಂದು ಆ ದೇಶವು 2004ರಲ್ಲಿ ಕಾಯಿದೆ ಮಾಡಿ, ಅಂಗಹಾನಿಯಾದ ಯೋಧರ ನಿವೃತ್ತಿಯ ಸೌಲಭ್ಯಗಳಿಗೆ ಕೆಡೆಟ್ಟರೂ ಅರ್ಹರೆಂದು ಗೊತ್ತುಮಾಡಿತು.

ನಮ್ಮಲ್ಲಿ ಏನಾಗಿದೆ? 1985ರಿಂದ ಈಚೆಗೆ ಸುಮಾರು 500 ಮಂದಿ ಕೆಡೆಟ್ಟರು ವೈದ್ಯಕೀಯ ಕಾರಣದಿಂದ ಸೈನಿಕ ವಿದ್ಯಾಲಯಗಳನ್ನು ಬಿಡಬೇಕಾಯಿತೆಂದೂ, ಖಡಕವಾಸಲಾ ಒಂದರಲ್ಲಿಯೇ 2021ರಿಂದ 2025ರ ಜುಲೈವರೆಗೆ ಸುಮಾರು 20 ಮಂದಿ ಹೀಗೆ ಹೊರಬಂದರೆಂದೂ 2025ರಲ್ಲಿ ಪತ್ರಿಕಾವರದಿ ಬಂದಿತು. ತಿಂಗಳಿಗೆ ಹೆಚ್ಚೆಂದರೆ 40,000 ರೂಪಾಯಿ ಅನುಗ್ರಹಧನ. ಮಾಜಿ ಸೈನಿಕನೆಂಬ ಹೆಸರಿಲ್ಲ. ಆ ವರದಿಯನ್ನು ಕಂಡು ಸುಪ್ರೀಮ್ ಕೋರ್ಟು ತಾನಾಗಿಯೇ ವಿಚಾರಣೆಗೆ ತೆಗೆದುಕೊಂಡಿತು. ಅದೇ ಆಗಸ್ಟ್ 18ರಂದು ನ್ಯಾಯಮೂರ್ತಿ ಬಿ. ವಿ. ನಾಗರತ್ನ, ನ್ಯಾಯಮೂರ್ತಿ ಆರ್. ಮಹಾದೇವನ್ ಇವರ ಪೀಠವು ವಿಮೆಯ ರಕ್ಷಣೆ, ಅನುಗ್ರಹಧನದ ಏರಿಕೆ, ಪುನರ್ವಸತಿ ಇವುಗಳ ಬಗೆಗೆ ಕೇಂದ್ರ ಸರಕಾರವನ್ನು ಪ್ರಶ್ನಿಸಿತು. ಆ ತಿಂಗಳು ಮುಗಿಯುವ ಮೊದಲೇ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಬಾಗಿಲು ಈ ಕೆಡೆಟ್ಟರಿಗೂ ತೆರೆಯಿತು. ಹತ್ತಾರು ವರ್ಷ ಆಗದ ಕೆಲಸವು ಹತ್ತು ಹನ್ನೆರಡು ದಿನಗಳಲ್ಲಿ ಆಗಬಲ್ಲದಾದರೆ, ತಡೆದದ್ದು ಹಣದ ಕೊರತೆಯಲ್ಲವೆಂದು ನಾವು ತಿಳಿಯಬೇಕಾಗುತ್ತದೆ.

ಅಧಿಕಾರಿಗಳ ವಾದವು ನಮಗೆ ತಿಳಿಯದ್ದಲ್ಲ. ಕಮಿಶನ್ ದೊರೆಯುವ ತನಕ ಕೆಡೆಟ್ಟನು ಸೈನ್ಯದವನಲ್ಲ, ಬರಿಯ ವಿದ್ಯಾರ್ಥಿ, ಎನ್ನುತ್ತಾರೆ. ಹಾಗಾದರೆ ಸಿಪಾಯಿಯಾಗಿ ಭರ್ತಿಯಾದ ರಂಗರೂಟನಿಗೆ ತರಬೇತಿಯಲ್ಲಿಯೇ ಅಂಗಹಾನಿಯಾದಾಗ ಪಿಂಚಣಿ ಕೊಡುವ ಪದ್ಧತಿ ಬಹುಕಾಲ ನಡೆದು ಬಂದುದೇಕೆ? (2022ರಿಂದ ಬಂದ ಅಗ್ನಿವೀರರ ಮಾತು ಬೇರೆ, ಅದನ್ನು ಇನ್ನೊಮ್ಮೆ ನೋಡೋಣ.) ಬೆಳಗಿನ ಜಾವದಿಂದ ರಾತ್ರಿಯ ತನಕ ಸೈನ್ಯದ ಆಜ್ಞೆಯಲ್ಲಿ ನಡೆದು, ಆಜ್ಞೆಯಂತೆ ಹಾರಿ, ಆಜ್ಞೆಯಂತೆ ಬಿದ್ದವನು ಬಿದ್ದ ಮರುಕ್ಷಣದಲ್ಲಿ ಮಾತ್ರ ವಿದ್ಯಾರ್ಥಿಯಾಗುವದು ಎಂಥ ತರ್ಕವೋ ನಾವರಿಯೆವು.

ಸೈನ್ಯವು ತನ್ನ ವೈದ್ಯಪರೀಕ್ಷೆಯನ್ನು ಸಡಿಲಿಸಲೆಂದು ನಾವು ಕೇಳುತ್ತಿಲ್ಲ. ನಮ್ಮ ಮೈಸೂರಿನ ಬಿ. ಎಸ್. ಚಂದ್ರಶೇಖರರು ಬಾಲ್ಯದಲ್ಲಿಯೇ ಪೋಲಿಯೋದಿಂದ ಸೊರಗಿದ ಬಲಗೈಯಿಂದ 58 ಟೆಸ್ಟುಗಳಲ್ಲಿ 242 ವಿಕೆಟುಗಳನ್ನು ಪಡೆದರು. ಅಂಥ ಕೈಯನ್ನು ಆಟದ ಬಯಲು ಹರುಷದಿಂದ ಒಪ್ಪಿತು. ರಣರಂಗದ ಲೆಕ್ಕವೇ ಬೇರೆ. ರೈಫಲು ಹಿಡಿಯಲಾರದ ತೋಳನ್ನು ಸೈನ್ಯವು ಬೇಡವೆನ್ನಲಿ. ಆದರೆ ಆ ತೋಳು ಸೈನ್ಯಕ್ಕೆ ಬಂದಾಗ ಗಟ್ಟಿಯಾಗಿತ್ತೆಂಬದಕ್ಕೆ ಸೈನ್ಯದ ವೈದ್ಯರೇ ಸಾಕ್ಷಿ.

ಈಗ ಹುಡುಗಿಯರೂ 2022ರಿಂದ ಖಡಕವಾಸಲಾಕ್ಕೆ ಹೋಗುತ್ತಿದ್ದಾರೆ. ಮಕ್ಕಳನ್ನು ದೇಶಕ್ಕೆ ಒಪ್ಪಿಸುವ ತಂದೆತಾಯಿಗಳ ಮುಂದೆ ಪರಿಹಾರವನ್ನು ಬೇಡೆವೆಂಬ ಪತ್ರವನ್ನು ಚಾಚುವ ಕ್ರಮವು ನಿಲ್ಲತಕ್ಕದ್ದು. ತರಬೇತಿ ಆರಂಭವಾದ ದಿನದಿಂದಲೇ ಕೆಡೆಟ್ಟನ ಸೇವೆಯನ್ನು ಎಣಿಸತಕ್ಕದ್ದು. ಸುರಪುರ, ಶಹಾಪುರ, ಯಾದಗಿರಿಗಳು ಸೇರಿರುವ ರಾಯಚೂರು ಕ್ಷೇತ್ರದ ಲೋಕಸಭಾ ಸದಸ್ಯರು ಈ ಪ್ರಮಾಣಪತ್ರದ ಒಂದು ಪ್ರತಿಯನ್ನು ತರಿಸಿಕೊಂಡು ಓದಿ, ರಕ್ಷಣಾ ಮಂತ್ರಿಗಳನ್ನು ಸಭೆಯಲ್ಲಿ ಪ್ರಶ್ನಿಸಬೇಕೆಂದು ನಾವು ಕೋರುತ್ತೇವೆ.