ಬದುಕೇ ಉತ್ತರವಾಗಿರುವಾಗ ಗೈಡು ಯಾಕ್ರೀ?



ನಮ್ಮ ಬೀದಿಯ ಲಾರಿ ಗ್ಯಾರೇಜಿನಲ್ಲಿ ಒಬ್ಬ ಹುಡುಗನಿದ್ದಾನೆ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು. ಈಗ ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿದ್ದಾನೆ. ಐಟಿಐ ಸೇರೋಣವೆಂದರೆ ಹೆಚ್ಚಿನ ಟ್ರೇಡುಗಳಿಗೆ ಹತ್ತನೇ ತರಗತಿ ಪಾಸಾಗಿರಬೇಕು ನೋಡಿ! ಮೊನ್ನೆ ರಾತ್ರಿ ಶಟರ್ ಎಳೆದ ಮೇಲೆ ಗೈಡು ಹಿಡಿದು ಸಮಾಜ ವಿಜ್ಞಾನ ಉರು ಹೊಡೆಯುತ್ತಿದ್ದ. ಪ್ರಶ್ನೆ: ಅಸಂಘಟಿತ ಕಾರ್ಮಿಕರ ಸಮಸ್ಯೆಗಳಾವುವು?

"ಆರು ಪಾಯಿಂಟ್ ಇದೆ ಅಣ್ಣಾ, ನಾಲ್ಕರ ಮೇಲೆ ತಲೇಲಿ ನಿಲ್ಲಲ್ಲ" ಅಂದ.

ನಗಬೇಕೋ ಅಳಬೇಕೋ! ಕೆಲಸಕ್ಕೆ ಹೊತ್ತುಗೊತ್ತಿಲ್ಲ. ಪಿ.ಎಫ್. ಇಲ್ಲ, ಇ.ಎಸ್.ಐ. ಇಲ್ಲ. ಒಂದು ದಿನ ಬರದಿದ್ದರೆ ಸಂಬಳ ಕಟ್. ಬೆರಳು ಜಜ್ಜಿಕೊಂಡರೆ ಔಷಧಿಯ ಖರ್ಚೂ ಅವನದೇ. ಉತ್ತರವೇ ಮೈಯೆಲ್ಲ ಗ್ರೀಸ್ ಮೆತ್ತಿಕೊಂಡು ನನ್ನೆದುರು ಕೂತಿತ್ತು. ಆದರೆ ಅದನ್ನು ಪರೀಕ್ಷೆಯಲ್ಲಿ ಬರೆಯಬಹುದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ!

ಮುಂದಿನ ಪ್ರಶ್ನೆ ಸಹಾಯಕ ಸೈನ್ಯ ಪದ್ಧತಿ. ಹೆಸರು ಕೇಳಿಯೇ ಹೆದರಿದ್ದ. ನಾನು ಕೇಳಿದೆ: ಏರಿಯಾದ ರೌಡಿ ಬಂದು "ನಿನ್ನ ಅಂಗಡಿಗೆ ನನ್ನ ಹುಡುಗರು ಕಾವಲು, ಅವರ ಖರ್ಚು ನಿನ್ನದು, ನನ್ನ ಕಡೆಯವನೊಬ್ಬ ಇಲ್ಲೇ ಕೂರುತ್ತಾನೆ, ನನ್ನನ್ನು ಕೇಳದೆ ಬೇರೆಯವರ ಜೊತೆ ವ್ಯವಹಾರ ಕೂಡದು" ಅಂದರೆ ಏನಂತೀಯ? "ಮಾಮೂಲಿ ವಸೂಲಿ" ಅಂದ. 1798ರಲ್ಲಿ ವೆಲ್ಲೆಸ್ಲಿ ಹೈದರಾಬಾದಿನ ನಿಜಾಮನಿಗೆ ಮಾಡಿದ್ದು ಇದನ್ನೇ. ಟಿಪ್ಪು ಮಡಿದ 1799ರಲ್ಲಿ ಮೈಸೂರಿಗೂ ಇದೇ ನೊಗ ಬಿತ್ತು. ಹುಡುಗ ಈಗ ಅದನ್ನು ನಿದ್ದೆಗಣ್ಣಲ್ಲೂ ಹೇಳುತ್ತಾನೆ.

ಇವನಿಗೆ ಒಂದು ಟ್ಯುಟೋರಿಯಲ್‌ನವರು "ಇಂಗ್ಲಿಷ್ ಮೀಡಿಯಂನಲ್ಲೇ ಬರಿ, ಮುಂದೆ ಅನುಕೂಲ" ಎಂದರಂತೆ. ಯಾರಿಗೆ ಅನುಕೂಲ ಸ್ವಾಮಿ? ಹಗಲೆಲ್ಲ ಸ್ಪ್ಯಾನರ್ ಹಿಡಿದವನು ರಾತ್ರಿ ಎರಡು ತಾಸಿನಲ್ಲಿ ಪಾಠವನ್ನೂ ಕಲಿಯಬೇಕು, ಪರಭಾಷೆಯನ್ನೂ ಕಲಿಯಬೇಕೆ? ಇಂಗ್ಲಿಷ್ ಬೇಕೆನಿಸಿದರೆ ಪಾಸಾದ ಮೇಲೆ ನಿಧಾನವಾಗಿ ಕಲಿಯಲಿ, ಬೇಡ ಅಂದವರಾರು? ಹಾಗೆಂದು ಪಠ್ಯಪುಸ್ತಕದ ಕನ್ನಡವೂ ಸಲೀಸಲ್ಲ. 'ದತ್ತು ಮಕ್ಕಳಿಗೆ ಹಕ್ಕಿಲ್ಲ' ಎಂಬ ನೀತಿ ಓದಿದೊಡನೆ ತಿಳಿಯುತ್ತದೆ. ಎಲ್ಲವೂ ಹೀಗಿದ್ದರೆ ಸಾಕಿತ್ತು. ಬಹಳ ಕಡೆ ಕಬ್ಬಿಣದ ಕಡಲೆ!

ನಿಮ್ಮ ಪಕ್ಕದಲ್ಲೂ ಇಂಥವನೊಬ್ಬ ಇದ್ದೇ ಇರುತ್ತಾನೆ. ಪರೀಕ್ಷಾ ಮಂಡಲಿಯ ಮಾದರಿ ಪ್ರಶ್ನೆಪತ್ರಿಕೆಗಳು ಅದರ ವೆಬ್‌ಸೈಟಿನಲ್ಲೇ ಸಿಗುತ್ತವೆ, ಕಾಸು ಬೇಡ. ಮುದ್ರಿಸಿ ಕೊಡಿ. ಗಡಿಯಾರ ಇಟ್ಟು, ಪುಸ್ತಕ ಮುಚ್ಚಿ, ಕೈಯಲ್ಲೇ ಬರೆಸಿ. ಬಾಯಲ್ಲಿ ಬಂದದ್ದು ಎಷ್ಟೋ ಸಲ ಪೆನ್ನಿಗೆ ಇಳಿಯುವುದಿಲ್ಲ. ವರ್ಷಗಟ್ಟಲೆ ಬರೆಯದ ಕೈ ಅರ್ಧ ಗಂಟೆಗೇ ಸೋಲುತ್ತದೆ.

ಭಾನುವಾರ ನಕ್ಷೆಗೆ ಕೂತೆವು. ಭಾರತದ ನಕ್ಷೆಯನ್ನು ಮೂರು ಸಲ ಬರೆದು ಅಳಿಸಿದ. ಕಾಂಡ್ಲಾ ಬಂದರು ಎಲ್ಲಿ ಅಂದೆ. ತಲೆಯಾಡಿಸಿದ. ಜಿಜೆ 12 ನಂಬರಿನ ಲಾರಿ ಎಲ್ಲಿಯದು ಅಂದೆ. "ಕಛ್ ಅಣ್ಣಾ, ಹೋದ ವಾರ ಒಂದಕ್ಕೆ ಕ್ಲಚ್ ಪ್ಲೇಟ್ ಹಾಕಿದ್ದೆ" ಅಂದವನೇ ಗುಜರಾತಿನ ಆ ಮೂಲೆಯಲ್ಲಿ ಚುಕ್ಕೆ ಇಟ್ಟ.