ನಿರ್ಧಾರ ನಿಮ್ಮದೇ ಎನ್ನುವ ಮುನ್ನ



ಮನೆಯ ಕಲಹ, ಕುಡಿತದ ಚಟ, ಸಾಲದ ಚಿಂತೆಗಳಿಂದ ನೊಂದಾಗ ನಾವು ಆಪ್ತಸಮಾಲೋಚಕರ ಬಾಗಿಲು ತಟ್ಟುತ್ತೇವೆ. ಕೊನೆಗೆ ಅವರು, "ನಾನು ಕೇಳಿಸಿಕೊಂಡೆನಷ್ಟೆ, ನಿರ್ಧಾರ ನಿಮ್ಮದೇ" ಎನ್ನುವುದುಂಟು. ವಿನಯದಂತೆ ಕಾಣುವ ಈ ಮಾತನ್ನು ನಾನು ಒಪ್ಪಲಾರೆ.

ವನದುರ್ಗದ ಕೋಟೆಯನ್ನು ಕಂಡವರಿಗೆ ಸುರಪುರದ ನಾಯಕರ ನೆನಪಾಗದಿರದು. ಆ ಸಂಸ್ಥಾನದ ರಾಜಾ ವೆಂಕಟಪ್ಪ ನಾಯಕ ಬಾಲಕನಾಗಿದ್ದಾಗ, 1841ರಲ್ಲಿ, ಆಂಗ್ಲ ಅಧಿಕಾರಿ ಮೆಡೋಸ್ ಟೇಲರ್ ಅಲ್ಲಿಗೆ ಬಂದರು. 1853ರವರೆಗೆ ಆಡಳಿತ ನಡೆಸಿದರು. ಬಾಲಕ ಅವರನ್ನು 'ಅಪ್ಪಾ' ಎಂದು ಕರೆಯುತ್ತಿದ್ದ. 1858ರಲ್ಲಿ ಬಂಡೆದ್ದು ಸೆರೆಯಾದ ಆ ತರುಣ, ಬಂದೀಖಾನೆಗೆ ಒಯ್ಯುವ ದಾರಿಯಲ್ಲಿ ಪಿಸ್ತೂಲಿನ ಗುಂಡಿಗೆ ಬಲಿಯಾದ. ಇದನ್ನು ತಮ್ಮ ಆತ್ಮಕಥೆಯಲ್ಲಿ ಹೇಳುವಾಗ ಟೇಲರ್ ಅವನ ಅಲ್ಪಾಯುಷ್ಯದ ಜಾತಕವನ್ನೂ ನೆನೆಯುತ್ತಾರೆ. ಅವರ ವಾತ್ಸಲ್ಯವನ್ನು ನಾನು ಶಂಕಿಸುವುದಿಲ್ಲ. ಆದರೆ ಅಧಿಕಾರ ಹಿಡಿದು ಅಪ್ಪನೆನಿಸಿಕೊಂಡವರು ಕೇವಲ ಸಾಕ್ಷಿಯಾಗಿ ಉಳಿಯಲಾರರು.

ಇಂದಿನ ಸಮಾಲೋಚಕರಿಗೆ ಅಂಥ ಅಧಿಕಾರವಿಲ್ಲವೆನ್ನಬಹುದು. ಬಂದವರನ್ನು ತಾನು ನಡೆಸಬಾರದು, ದಾರಿಯನ್ನು ಅವರೇ ಕಾಣಲಿ ಎಂದು ಬೋಧಿಸಿದವರು ಅಮೆರಿಕದ ಕಾರ್ಲ್ ರಾಜರ್ಸ್. ಅವರ ಸಂಭಾಷಣೆಗಳ ಧ್ವನಿಮುದ್ರಣಗಳನ್ನು ಚಾರ್ಲ್ಸ್ ಟ್ರುಆಕ್ಸ್ ಪರಿಶೀಲಿಸಿ 1966ರಲ್ಲಿ ಪ್ರಕಟಿಸಿದರು. ಕೆಲವು ಬಗೆಯ ಮಾತುಗಳಿಗೆ ರಾಜರ್ಸ್ ಹೆಚ್ಚು ಆದರ ತೋರಿದ್ದರು. ಬಂದವರ ಮಾತೂ ಕ್ರಮೇಣ ಅತ್ತಲೇ ವಾಲಿತ್ತು. ಅಷ್ಟು ದೊಡ್ಡ ಗುರುವಿನ ತಲೆದೂಗುವಿಕೆಯೇ ದಾರಿ ತೋರಿದ್ದರೆ, ಉಳಿದವರ ಪಾಡೇನು?

ಹೊಡೆತ ತಿಂದು ತವರಿಗೆ ಬಂದ ಹೆಣ್ಣುಮಗಳೊಬ್ಬಳನ್ನು ಊಹಿಸಿಕೊಳ್ಳಿ. "ಹೊಂದಿಕೊಂಡು ಹೋಗುತ್ತೇನೆ" ಎಂದಾಗ ಎದುರಿಗಿದ್ದವರ ಮುಖ ಅರಳುತ್ತದೆ. "ಮರಳಿ ಹೋಗಲಾರೆ" ಎಂದಾಗ ಮೌನ ಕವಿಯುತ್ತದೆ. ಮರುದಿನ ಅವಳು ಹೊರಟರೆ ಅದು ಅವಳೊಬ್ಬಳದೇ ನಿರ್ಧಾರವೇ? ಸಂಸಾರ ಸರಿಹೋದರೆ "ನಾನು ಉಳಿಸಿದೆ" ಎನ್ನುವವರು, ಕೆಟ್ಟರೆ "ಅವಳದೇ ಆಯ್ಕೆ" ಎನ್ನುವುದು ಯಾವ ನ್ಯಾಯ?

ಪ್ರಭಾವ ಬೀರುವುದು ಪಾಪವಲ್ಲ. ಬೀರಿಲ್ಲವೆಂದು ನಂಬುವುದೇ ಅಪಾಯ. ಸಮಾಲೋಚಕರು ತಮ್ಮ ಒಲವನ್ನು ಮೊದಲೇ ತಿಳಿಸಲಿ. ತಮ್ಮ ಕೆಲಸವನ್ನು ಹಿರಿಯ ಸಮಾಲೋಚಕರ ವಿಮರ್ಶೆಗೆ ಒಡ್ಡಲಿ. ಇನ್ನು ನಾವು, ಮನೆಯ ಹಿರಿಯರು, ದಿನವೂ ಬುದ್ಧಿ ಹೇಳುವವರೇ ಅಲ್ಲವೇ? "ನಿನ್ನಿಷ್ಟ" ಎನ್ನುವ ಮುನ್ನ ನಮ್ಮ ಮುಖ ಆಗಲೇ ಏನು ಹೇಳಿಬಿಟ್ಟಿದೆಯೆಂದು ಕೇಳಿಕೊಳ್ಳೋಣ.